ಇಲ್ಲೊಂದು ಸಹಿ ಹಾಕು

‘ಇಲ್ಲೊಂದು ಸಹಿ ಹಾಕು’ ಎಂದು ನಮ್ಮ ಮನೆಯವರು ಕಾಗದ ಮುಂದಿಟ್ಟರೆ ಓದದೆ ಗೀಚಿಬಿಡುವುದು ನನ್ನ ಅಭ್ಯಾಸ. ಒಗ್ಗರಣೆ ಸೀಯುತ್ತಿರುವಾಗ ಓದುತ್ತ ಕೂರುವವರು ಯಾರು? ಆದರೆ ಮಿರಿಯಮ್ ಫರ್ಗ್ಯುಸನ್ನಳ ಕಥೆ ಓದಿದ ಮೇಲೆ ಕೈ ಯಾಕೋ ಒಂದು ಕ್ಷಣ ತಡೆಯುತ್ತದೆ.

ಆಕೆಯ ಗಂಡ ಜಿಮ್ ಫರ್ಗ್ಯುಸನ್ 1915ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಗವರ್ನರ್ ಆದವನು. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ನಾಲ್ಕನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡು, ಹುಡುಗನಿದ್ದಾಗಲೇ ಮನೆಬಿಟ್ಟು ಅಲೆದು, ಕೂಲಿ ಮಾಡಿ, ವಕೀಲನಾಗಿ, ಬ್ಯಾಂಕು ನಡೆಸಿ ಮೇಲೆ ಬಂದವನು. ಗೇಣಿದಾರರ ಪರವಾಗಿ ಮಾತಾಡಿ ಹಳ್ಳಿಗರ ಮನಸ್ಸು ಗೆದ್ದವನು.

1917ರಲ್ಲಿ, ತನಗಾಗದ ಪ್ರಾಧ್ಯಾಪಕರನ್ನು ತೆಗೆಯಲಿಲ್ಲವೆಂದು ವಿಶ್ವವಿದ್ಯಾಲಯದ ಹಣವನ್ನೇ ತಡೆದ. ಆಗ ಅವನ ಹುಳುಕೂ ಹೊರಬಿತ್ತು: ಸರಕಾರದ ಹಣ ಸ್ವಂತ ಬ್ಯಾಂಕಿನಲ್ಲಿ, ಯಾರು ಕೊಟ್ಟರೆಂದು ಬಾಯಿಬಿಡದ 1,56,500 ಡಾಲರ್ ಸಾಲ. ತೀರ್ಪಿನ ಹಿಂದಿನ ದಿನ ರಾಜೀನಾಮೆ ಎಸೆದರೂ ಸೆನೆಟ್ ಬಿಡಲಿಲ್ಲ. ಇನ್ನು ಯಾವ ಹುದ್ದೆಯೂ ಕೂಡದೆಂದಿತು.

ಹೆಂಗಸರಿಗೆ ಮತದಾನದ ಹಕ್ಕು ಬೇಡವೆಂದು ಹಟ ಹಿಡಿದಿದ್ದವನು ಈತ. ಇವನನ್ನು ಇಳಿಸಲು ಮಿನ್ನಿ ಫಿಶರ್ ಕನಿಂಗ್‌ಹ್ಯಾಮ್ ಮೊದಲಾದ ಹೆಂಗಸರು ಓಡಾಡಿದ್ದರು. ಅಂಥವನು 1924ರ ಚುನಾವಣೆಗೆ ಯಾರನ್ನು ನಿಲ್ಲಿಸಿದ ಗೊತ್ತೆ? ಹೆಂಡತಿಯನ್ನು! ಮಿರಿಯಮ್ ಅಮಾಂಡಾ, ಎರಡು ಹೆಣ್ಣುಮಕ್ಕಳ ತಾಯಿ. ಹೆಸರಿನ ಮೊದಲಕ್ಷರಗಳು ಕೂಡಿ ಎಲ್ಲರ ಬಾಯಲ್ಲಿ ‘ಮಾ’ ಆದಳು. ಒಬ್ಬರ ಬೆಲೆಗೆ ಇಬ್ಬರು ಗವರ್ನರು ಎಂದು ಪ್ರಚಾರ. ಕು ಕ್ಲಕ್ಸ್ ಕ್ಲಾನ್ ಎಂಬ ಮುಖವಾಡದ ಪುಂಡರ ಬೆಂಬಲವಿದ್ದ ಎದುರಾಳಿಯನ್ನು ಪಕ್ಷದೊಳಗೇ ಸೋಲಿಸಿ ಗೆದ್ದೂಬಿಟ್ಟಳು.

ಆಡಳಿತವೆಲ್ಲ ಗಂಡನದೇ ಎಂದು ಜನ ಆಡಿಕೊಂಡರು. ಅವನ ಕಳಂಕ ತೊಳೆಯುವ ಕಾಯಿದೆಯೂ 1925ರಲ್ಲೇ ಬಂತು, 1927ರಲ್ಲಿ ರದ್ದಾಯಿತು. ಮುಖವಾಡ ಹಾಕಿ ತಿರುಗುವುದನ್ನು ತಡೆಯುವ ಕಾಯಿದೆಯೂ ಆಕೆಯ ಕಾಲದ್ದೇ. ತಿಂಗಳಿಗೆ ಸುಮಾರು ನೂರು ಕೈದಿಗಳಿಗೆ ಕ್ಷಮಾದಾನ ಸಿಕ್ಕಿತು. ಅದಕ್ಕೆ ಲಂಚ ನಡೆಯುತ್ತದೆಂಬ ಆರೋಪ ಬಂತು. ಯೋಚನೆ ಯಾರದಾದರೂ ಇರಲಿ, ಸಹಿ ಆಕೆಯದು, ಬೈಗುಳವೂ ಆಕೆಗೇ. 1926ರಲ್ಲಿ ಸೋತಳು, 1932ರಲ್ಲಿ ಮತ್ತೆ ಗೆದ್ದಳು. ಗಂಡ 1944ರಲ್ಲಿ ತೀರಿಕೊಂಡ. ಆಕೆ 1961ರವರೆಗೆ ಬದುಕಿದ್ದಳು.

ಆ ಕಾಗದಗಳಲ್ಲಿ ಎಷ್ಟನ್ನು ಆಕೆ ಓದಿದ್ದಳೋ!

ನಿನ್ನೆ ಮನೆಯವರು ಬ್ಯಾಂಕಿನ ಫಾರಂ ತಂದರು. ‘ಇರಿ, ಒಲೆ ಆರಿಸಿ ಬರ್ತೀನಿ’ ಎಂದೆ. ‘ಸಹಿಗೆ ಒಲೆ ಯಾಕೆ ಆರಿಸಬೇಕು?’ ಎಂದರು. ನಾನು ಕನ್ನಡಕ ಹುಡುಕುತ್ತಿದ್ದೆ.