ಕಿವಿಯ ಹಿಂದಿನ ಗಂಟು

ಡೊಂಬಿವಲಿಗೆ ಬಂದು 32 ವರ್ಷ ಆಯಿತು. ಸಣ್ಣಪುಟ್ಟ ನೋವಿಗೆಲ್ಲ ಡಾಕ್ಟರ ಬಳಿ ಓಡುವ ಅಭ್ಯಾಸ ನಮ್ಮಂಥ ಲೋಕಲ್ ಗಾಡಿಯವರಿಗೆ ಇಲ್ಲ ಬಿಡಿ.

ಹೋದ ತಿಂಗಳು ಒಂದು ಬೆಳಿಗ್ಗೆ ಥಾಣೆಯಲ್ಲಿ ಇಳಿದು ತುರ್ಭೆಯ ಗಾಡಿಗೆ ಕಾಯುತ್ತಿದ್ದಾಗ ಎಡಗಿವಿಯ ಹಿಂದೆ ಚುಳುಕ್ ಎಂದಿತು. ಮುಟ್ಟಿ ನೋಡಿದರೆ ಕಡಲೆಕಾಳಿನಷ್ಟು ಗಂಟು! ಕನ್ನಡಕದ ಕಡ್ಡಿ ತಾಗಿದರೂ ನೋವು. ಗರ್ದಿಯಲ್ಲಿ ಯಾರದೋ ಮೊಣಕೈ ಬಡಿದಿರಬೇಕು ಅಂದುಕೊಂಡೆ. ಮೂರು ದಿನಕ್ಕೆ ಪಕ್ಕದಲ್ಲಿ ಇನ್ನೊಂದು ಎದ್ದಿತು.

ಮನೆಯಲ್ಲಿ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಅಕ್ಕನ ನೆನಪಾಗಿ ಹೆದರಿದ್ದೆ. ಕುಂದಾಪುರದ ಹತ್ತಿರದ ನಮ್ಮ ಮನೆಯಲ್ಲಿ ಆಗೆಲ್ಲ ಕಿವಿಯ ಯಾವ ತೊಂದರೆಗೂ ಒಂದೇ ಮದ್ದು: ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ. 1976ರಲ್ಲಿ, ಎಂಟು ವರ್ಷದ ಅಕ್ಕನ ಕಿವಿ ಸೋರುತ್ತಿದ್ದಾಗ ತಿಂಗಳುಗಟ್ಟಲೆ ಎಣ್ಣೆಯನ್ನೇ ಬಿಟ್ಟರು. ಒಂದು ದಿನ ಜ್ವರ ಬಂದು, ಕಿವಿಯ ಹಿಂದೆ ಕೆಂಪಗೆ ಬಾತು, ಕಿವಿಯೇ ಮುಂದಕ್ಕೆ ತಳ್ಳಿಕೊಂಡ ಮೇಲೆ ಮಣಿಪಾಲಕ್ಕೆ ಒಯ್ದರು. ಆಪರೇಷನ್ ಆಗಿ ಜೀವ ಉಳಿಯಿತು, ಆ ಕಿವಿ ಹೋಯಿತು. ಈಗಲೂ ಫೋನನ್ನು ಬಲಗಿವಿಗೇ ಹಿಡಿಯುತ್ತಾಳೆ.

ನಾಲ್ಕನೆಯ ದಿನ ಗಂಟು ಹೆಂಡತಿಯ ಕಣ್ಣಿಗೆ ಬಿತ್ತು. "ಎಂತ ಮಾರಾಯ್ರೆ ಇದು? ಎಷ್ಟು ದಿನ ಆಯ್ತು?" ಎಂದವಳೇ ರಿಕ್ಷಾ ಕರೆದಳು.

ಕಿವಿಯ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿದರು, ಹಿಂದಿನ ಮೂಳೆ ಒತ್ತಿದರು. "ಕಿವಿ ಸರಿಯಿದೆ. ಕಾಕಾ, ತಲೆಗೆ ಏನು ಹಚ್ಚಿದಿರಿ?" ಎಂದು ಮರಾಠಿಯಲ್ಲಿ ಕೇಳಿದರು. ನಾನು ತಲೆ ತಗ್ಗಿಸಿದೆ. ಅಕ್ಕನ ಮಗಳ ಮದುವೆಗೆಂದು ಹೊಸ ಹೇರ್ ಡೈ ಹಚ್ಚಿದ್ದೆ. ಆಮೇಲೆ ಬುರುಡೆಯೆಲ್ಲ ತುರಿಕೆ, ಕೆರೆದು ಕೆರೆದು ಹುಣ್ಣು.

ಅವರು ಬಿಡಿಸಿ ಹೇಳಿದರು. ತಲೆಯ ಚರ್ಮದಲ್ಲಿ ಹುಣ್ಣು, ಹೇನು, ಡೈ ಅಲರ್ಜಿ ಏನಿದ್ದರೂ ಕಿವಿಯ ಹಿಂದಿನ ಲಿಂಫ್ ಗ್ರಂಥಿಗಳು ಊದಿಕೊಳ್ಳಬಹುದು. ಮಂಗನಬಾವು ಬರುವುದು ಕಿವಿಯ ಮುಂದೆ, ಕೆಳಗೆ. ಅಕ್ಕನಿಗೆ ಆದದ್ದು ಬೇರೆ: ಹಿಂದಿನ ಮ್ಯಾಸ್ಟಾಯ್ಡ್ ಮೂಳೆಯೊಳಗೆ ಜೇನುಗೂಡಿನಂತೆ ಗಾಳಿಯ ಗೂಡುಗಳಿವೆ. ಕಿವಿಯ ಸೋಂಕು ಅಲ್ಲಿಗೆ ನುಗ್ಗಿದರೆ ಮಿದುಳು ದೂರವಿಲ್ಲ. ಕಿವಿ ಸೋರುವುದು, ಜ್ವರ, ಹಿಂದೆ ಕೆಂಪು ಬಾವು, ಮುಂದಕ್ಕೆ ಬಾಗಿದ ಕಿವಿ, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗ್ರಂಥಿ ಕೆಲವು ವಾರವಾದರೂ ಇಳಿಯದಿದ್ದರೆ, ಗಟ್ಟಿಯಾಗಿ ಬೆಳೆಯುತ್ತಿದ್ದರೆ, ಕ್ಷಯ ಮತ್ತಿತರ ಪರೀಕ್ಷೆ ಮಾಡಿಸಬೇಕು.

ಡೈ ಬಿಟ್ಟೆ, ಮದ್ದು ಹಚ್ಚಿದೆ. ಎರಡು ವಾರಕ್ಕೆ ಗಂಟು ಕರಗಿತು.

ರಾತ್ರಿ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ದಿನ ಯಾಕೆ ಕಾದೆ? ನನ್ನನ್ನು ನೋಡಿಯೂ ಬುದ್ಧಿ ಬರ್ಲಿಲ್ವಾ?" ಎಂದಳು.

ಉತ್ತರ ನನ್ನಲ್ಲಿರಲಿಲ್ಲ. ಮದುವೆಗೆ ಬಿಳಿ ತಲೆಯಲ್ಲೇ ಹೋಗುತ್ತಿದ್ದೇನೆ.