ಬಿಟ್ಟು ಬರೆಯುವ ವಿದ್ಯೆ

ತೊಂಬತ್ತರ ದಶಕದಲ್ಲಿ ಮುಂಬಯಿಯ ಬಾಂದ್ರಾ ಪೂರ್ವದ ಮ್ಯಾಜಿಸ್ಟ್ರೇಟ್ ಕೋರ್ಟು, ಕಲೆಕ್ಟರ್ ಕಚೇರಿ, ಮನೆ ಕಟ್ಟಿಸುವ ಸರ್ಕಾರಿ ಸಂಸ್ಥೆ ಮ್ಹಾಡಾದ ಕಚೇರಿಗಳ ಆಸುಪಾಸಿನಲ್ಲಿ ಅಫಿಡವಿಟ್ ಬಡಿಯುವ ಟೈಪ್‌ರೈಟರುಗಳ ಸದ್ದು ಮಳೆಗಾಲದಲ್ಲೂ ನಿಲ್ಲುತ್ತಿರಲಿಲ್ಲ. ನೆತ್ತಿಯ ಮೇಲೊಂದು ನೀಲಿ ಪ್ಲಾಸ್ಟಿಕ್ ಹಾಳೆ ಬರುತ್ತಿತ್ತು, ಅಷ್ಟೆ. ನಾನು ಅಲ್ಲೇ ಒಬ್ಬ ವಕೀಲರ ಬಳಿ ಸ್ಟೆನೊ ಆಗಿದ್ದೆ. ಹಗಲು ಹೋಟೆಲು, ರಾತ್ರಿ ಶಾಲೆ, ಆಮೇಲೆ ಶಾರ್ಟ್‌ಹ್ಯಾಂಡ್ ಕ್ಲಾಸು: ಊರು ಬಿಟ್ಟು ಬಂದ ಕರಾವಳಿಯ ಎಷ್ಟೋ ಹುಡುಗರು ಆಫೀಸಿನ ಕುರ್ಚಿ ಹತ್ತಿದ್ದು ಹೀಗೆ.

ನಿಮಿಷಕ್ಕೆ 120 ಪದ ಹಿಡಿಯುವವನಿಗೆ ಮರ್ಯಾದೆ ಹೆಚ್ಚು. ಪಿಟ್‌ಮನ್ ಪದ್ಧತಿಯಲ್ಲಿ ಕೈ ಪಳಗಿದ ಮೇಲೆ ಸ್ವರಗಳನ್ನು ಬಿಟ್ಟು, ನಾಲ್ಕು ಪದಗಳನ್ನು ಒಂದೇ ಗೆರೆಯಲ್ಲಿ ಎಳೆದು ಸಾಗುತ್ತಿದ್ದೆವು. ಬಿಟ್ಟದ್ದನ್ನು ಟೈಪ್ ಮಾಡುವಾಗ ಸಂದರ್ಭವೇ ತುಂಬಿಕೊಡುತ್ತಿತ್ತು.

1997ರಲ್ಲಿ ಡ್ರ್ಯಾಗನ್ ನ್ಯಾಚುರಲಿಸ್ಪೀಕಿಂಗ್, ಐಬಿಎಂ ವಯಾವಾಯ್ಸ್ ಎಂಬ, ಮಾತು ಕೇಳಿ ಬರೆಯುವ ತಂತ್ರಾಂಶಗಳು ಮಾರುಕಟ್ಟೆಗೆ ಬಂದವು. ಅದಕ್ಕೆ ಮೊದಲಿನ ಹೆಚ್ಚಿನ ತಂತ್ರಾಂಶಗಳಿಗೆ ಪದ ಪದಕ್ಕೂ ನಿಲ್ಲಿಸಿ ಹೇಳಬೇಕಿತ್ತು. ಈಗ ಸರಾಗವಾಗಿ ಮಾತಾಡಿದರೂ ಸಾಕು, 133 ಮೆಗಾಹರ್ಟ್ಸ್ ಪೆಂಟಿಯಂ, 32 ಎಂಬಿ ಮೆಮೊರಿ ಇದ್ದರೆ ಆಯಿತು ಎಂಬ ಸುದ್ದಿ. ನಮ್ಮ ಸಾಹೇಬರೂ ಅಂಥದೊಂದನ್ನು ತರಿಸಿದರು. ತಮ್ಮ ದನಿಯ ಪರಿಚಯ ಮಾಡಿಸಲು ಅದರ ಮುಂದೆ ಪುಟಗಟ್ಟಲೆ ಓದಿದರು. ವಾಕ್ಯ ಮುಗಿದು ಬಹಳ ಹೊತ್ತಾದ ಮೇಲೆ ಪರದೆಯಲ್ಲಿ ಅಕ್ಷರಗಳು ಉದುರುತ್ತಿದ್ದವು. ಖೇರ್‌ವಾಡಿ, ಬೆಹ್ರಾಮ್‌ಪಾಡಾ ಥರದ ಅಲ್ಲಿನ ಬಡಾವಣೆಗಳ ಹೆಸರು ಬಂದರಂತೂ ಎಂಥೆಂಥದೋ ಇಂಗ್ಲಿಷ್! ತಿಂಗಳೊಳಗೆ ಮೈಕು ಡ್ರಾಯರ್ ಸೇರಿತು, ನೋಟ್‌ಬುಕ್ ಹಿಡಿದು ನಾನು ಮತ್ತೆ ಎದುರಿಗೆ ಕೂತೆ.

ಯಂತ್ರದ ಕಷ್ಟ ನನಗೆ ಅರ್ಥವಾದದ್ದು ಆಮೇಲೆ, ಅದರ ಬಗ್ಗೆ ಓದಿದಾಗ. ಅದು ದನಿಯನ್ನು ಸೆಕೆಂಡಿಗೆ ಸುಮಾರು ನೂರು ಚೂರು ಮಾಡುತ್ತದೆ, ಒಂದೊಂದು ಚೂರನ್ನೂ ಸಾವಿರಾರು ಮಾದರಿಗಳಿಗೆ ಹೋಲಿಸುತ್ತದೆ. ಸಾಧ್ಯವಿರುವ ಪದಸರಣಿಗಳನ್ನೆಲ್ಲ ಹಿಡಿದು ಹೊರಟರೆ ಯಾವ ಕಂಪ್ಯೂಟರೂ ಮಾತಿನ ಜೊತೆ ಓಡಲಾರದು. ಹಾಗಾಗಿ ದುರ್ಬಲವಾಗಿ ಕಂಡ ಊಹೆಗಳನ್ನು ದಾರಿಯಲ್ಲೇ ಕೈಬಿಡಬೇಕು. ಚಿತ್ತೂರು ಜಿಲ್ಲೆಯಿಂದ ಅಮೆರಿಕಕ್ಕೆ ಹೋದ ರಾಜ್ ರೆಡ್ಡಿಯವರ ತಂಡ 1976ರಲ್ಲೇ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಹಾರ್ಪಿ ಎಂಬ ವ್ಯವಸ್ಥೆಯಲ್ಲಿ ಈ ಉಪಾಯ ಹೂಡಿತ್ತು. ಅದಕ್ಕೆ ಗೊತ್ತಿದ್ದದ್ದು 1,011 ಪದ. ಊಹೆಗಳನ್ನು ಹೆಚ್ಚು ಬಿಟ್ಟರೆ ತಪ್ಪು, ಕಡಿಮೆ ಬಿಟ್ಟರೆ ನಿಧಾನ. ಓದಿ ನಕ್ಕುಬಿಟ್ಟೆ. ನಮ್ಮ ಕ್ಲಾಸಿನ ಮೇಷ್ಟ್ರು ಬೆತ್ತ ಹಿಡಿದು ಹೇಳುತ್ತಿದ್ದುದೂ ಇದನ್ನೇ.

ಆಮೇಲಿನ ವರ್ಷಗಳಲ್ಲಿ ಫೋನುಗಳು ದನಿಯನ್ನು ಎಲ್ಲಿಯದೋ ಸರ್ವರಿಗೆ ಕಳಿಸಿ ಬರೆಸಿಕೊಂಡವು. ಕಕ್ಷಿದಾರರ ಗುಟ್ಟು ಕಚೇರಿಯ ಹೊಸಿಲು ದಾಟುವುದು ವಕೀಲರಿಗೆ ಹಿಡಿಸಲಿಲ್ಲ, ಅದು ಸರಿಯೂ ಹೌದು. 2022ರ ಸೆಪ್ಟೆಂಬರಿನಲ್ಲಿ ಓಪನ್‌ಎಐನವರು ಮಾತನ್ನು ಬರಹವಾಗಿಸುವ ವಿಸ್ಪರ್ ಎಂಬ ಮಾದರಿಯನ್ನು ಬಿಡುಗಡೆ ಮಾಡಿದರು. ಕೆಲವೇ ವಾರಗಳಲ್ಲಿ ಜಾರ್ಜಿ ಗೆರ್ಗಾನೊವ್ ಎಂಬ ಪ್ರೋಗ್ರಾಮರ್ ಅದನ್ನು ಸಿ++ನಲ್ಲಿ ಮರಳಿ ಬರೆದರು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲೂ ಅದರ ಚಿಕ್ಕ ಮಾದರಿಗಳು ಓಡತೊಡಗಿದವು, ದನಿ ಕಚೇರಿ ಬಿಟ್ಟು ಹೋಗಬೇಕಿಲ್ಲ. 2023ರ ಫೆಬ್ರುವರಿ 21ರಂದು ಸುಪ್ರೀಂ ಕೋರ್ಟು ವಾದವನ್ನು ಯಂತ್ರದಿಂದ ಆಗಿಂದಾಗಲೇ ಬರೆಸಲು ಶುರುಮಾಡಿತು. ಮೊದಲು ಬರೆಸಿದ್ದು ನಮ್ಮ ಮಹಾರಾಷ್ಟ್ರದ್ದೇ ಜಗಳ, ಶಿವಸೇನೆಯದು!

ಇಂಗ್ಲಿಷ್ ಡಿಕ್ಟೇಶನ್ ಮಟ್ಟಿಗೆ ನಮ್ಮ ಕಸುಬು ಮುಗಿಯಿತು. ಉಳಿದಿರುವುದು ತಿದ್ದುವ ಕೆಲಸ. ಕನ್ನಡದ ಕಥೆ ಬೇರೆ. ವಿಸ್ಪರ್‌ನ ಮೊದಲ ಆವೃತ್ತಿ ಕಲಿತದ್ದು 6,80,000 ಗಂಟೆಗಳ ದನಿಯಿಂದ, ಅದರಲ್ಲಿ ಕನ್ನಡದಲ್ಲೇ ಬರೆದುಕೊಟ್ಟ ಕನ್ನಡ ಮಾತಿನ ಪಾಲು ಬೆರಳೆಣಿಕೆಯ ಗಂಟೆಗಳು. ಈ ಕೊರತೆ ತುಂಬಲು ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯಲ್ಲಿ ಭಾಷಾದಾನ ಎಂಬ ವ್ಯವಸ್ಥೆಯಿದೆ, ಯಾರು ಬೇಕಾದರೂ ವಾಕ್ಯ ಓದಿ ದನಿ ಕೊಡಬಹುದು. ಮುಂಬಯಿಯ ಕನ್ನಡಿಗರೇ, ಹಿಂದಿ ಮರಾಠಿ ಬೆರೆತ ನಿಮ್ಮ ಕನ್ನಡದಲ್ಲೇ ಹತ್ತು ವಾಕ್ಯ ಓದಿ ಕಳಿಸಿ.