ಸಾಕವ್ವ, ಪುಟ್ಟಮಲ್ಲಿ, ಗುಲಾಬಿ, ಪುಟ್ಟಕ್ಕ… ಮತ್ತು ನಾನು

‘ಪುಟ್ನಂಜ’ ನೆನಪಿದೆಯಾ? 1995ರ ಸಿನಿಮಾ. ರವಿಚಂದ್ರನ್, ಮೀನಾ, ಹಂಸಲೇಖ ಸಂಗೀತ. ಎಲ್ಲಾ ಇದ್ದರೂ ಆ ಸಿನಿಮಾ ನೋಡಿದವರ ಬಾಯಲ್ಲಿ ಇವತ್ತಿಗೂ ಬರೋ ಹೆಸರು ಪುಟ್ಟಮಲ್ಲಿ. ನಾಯಕನ ಅಜ್ಜಿ. ಆ ಅಜ್ಜಿಯ ವೇಷ ಹಾಕಿದಾಗ ಉಮಾಶ್ರೀಯವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ತೆರೆಯ ಮೇಲಿನ ಮೊಮ್ಮಗನಿಗಿಂತ ಅವರು ದೊಡ್ಡವರಾಗಿದ್ದು ಕೆಲವೇ ವರ್ಷ!

ಮೂವತ್ತೇಳು, ಮೂವತ್ತೆಂಟರ ವಯಸ್ಸಿನಲ್ಲಿ ನಾಯಕನಟರು ಕಾಲೇಜು ಹುಡುಗರ ಪಾತ್ರ ಮಾಡ್ತಿರ್ತಾರೆ. ಅದೇ ವಯಸ್ಸಿನ ಹೆಂಗಸಿಗೆ ಸಿಗೋದು ಅಜ್ಜಿ ಪಾತ್ರ. ಇದನ್ನು ನಾನು ಮೊದಲ ಸಲ ಲೆಕ್ಕ ಹಾಕಿದ್ದು ನನಗೆ ಮೂವತ್ನಾಲ್ಕಾದಾಗ. ಆಫೀಸಿನಲ್ಲಿ ನನಗೂ ಒಂದು ‘ಅಜ್ಜಿ ಪಾತ್ರ’ ಸಿಕ್ಕಿದ್ದ ಹೊತ್ತು ಅದು. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ನಮ್ಮೂರಿಗೆ ಅದು ದೂರವೇನಲ್ಲ. ಹಾಗಾಗಿ ನಮ್ಮನೆ ಕಡೆಯವರಿಗೆಲ್ಲ ಅವರು ‘ನಮ್ಮ ಉಮಾಶ್ರೀ’. ಆದರೆ ನಾನು ಚಿಕ್ಕವಳಿದ್ದಾಗ ಈ ‘ನಮ್ಮ’ ಅನ್ನೋದು ಸ್ವಲ್ಪ ಮುಜುಗರದ್ದೇ ಆಗಿತ್ತು. 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಬಂದ ಮೇಲೆ ಉಮಾಶ್ರೀಯವರ ಮುಖ ಎಲ್ಲರಿಗೂ ಪರಿಚಯವಾಯಿತು. ಆಮೇಲೆ ಸಾಲು ಸಾಲು ಹಾಸ್ಯ ಪಾತ್ರಗಳು. ಎನ್.ಎಸ್. ರಾವ್ ಅವರ ಜೊತೆ ತೆರೆ ಮೇಲೆ ಬಂದರೆ ಸಾಕು, ಥಿಯೇಟರ್‌ನಲ್ಲಿ ಶಿಳ್ಳೆ. ಮನೆಯಲ್ಲಿ ಟಿವಿಯಲ್ಲಿ ಅದೇ ದೃಶ್ಯ ಬಂದರೆ ಅಪ್ಪ ಮೆಲ್ಲಗೆ ಎದ್ದು ವಾಲ್ಯೂಮ್ ಇಳಿಸ್ತಿದ್ರು. ಎರಡರ್ಥದ ಮಾತುಗಳು ಅಲ್ವಾ? ನಾವು ಮಕ್ಕಳು ಸುಮ್ಮನೆ ಗೋಡೆ ನೋಡ್ತಿದ್ವಿ. ಅಮ್ಮ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಗ್ತಿದ್ಲು.

ಸಿನಿಮಾ ಜಗತ್ತು ಒಮ್ಮೆ ಒಬ್ಬರನ್ನು ಒಂದು ಖಾನೆಗೆ ಹಾಕಿದರೆ ಮುಗೀತು. ನಗಿಸೋರು ನಗಿಸ್ತಾನೇ ಇರಬೇಕು, ಜಗಳಗಂಟಿ ಜಗಳ ಆಡ್ತಾನೇ ಇರಬೇಕು. ಇದರಲ್ಲಿ ನಿರ್ದೇಶಕರದ್ದೊಂದೇ ತಪ್ಪು ಅಂತ ಹೇಳೋಕಾಗಲ್ಲ. ನೋಡೋ ನಾವೂ ಅದನ್ನೇ ಕೇಳ್ತೀವಿ.

ಆದರೆ ಇದೇ ಉಮಾಶ್ರೀ ರಂಗದ ಮೇಲೆ ಸಾಕವ್ವ ಆಗಿದ್ದರು. ದೇವನೂರ ಮಹಾದೇವ ಅವರ ‘ಒಡಲಾಳ’ ಓದಿದ್ದೀರಾ? ಓದಿಲ್ಲದಿದ್ದರೆ ಒಂದು ಸಂಜೆ ಸಾಕು, ಪುಟ್ಟ ಪುಸ್ತಕ. ಬಡ ದಲಿತ ಕುಟುಂಬದ ಮುದುಕಿ ಸಾಕವ್ವನ ಹುಂಜ ಕಳೆದುಹೋಗಿರುತ್ತೆ. ಅದನ್ನು ಹುಡುಕಿಕೊಂಡು ಅವಳು ಊರೆಲ್ಲ ಸುತ್ತುತ್ತಾಳೆ, ಬೈತಾಳೆ, ಶಪಿಸ್ತಾಳೆ. ಒಂದು ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಬರುತ್ತೆ. ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ತಿಂತಾರೆ, ಸಿಪ್ಪೆಯೂ ಉಳಿಯದ ಹಾಗೆ. ಬೆಳಗ್ಗೆ ಪೊಲೀಸರು ಬರ್ತಾರೆ. ಕಥೆ ಅಂದರೆ ಇಷ್ಟೇ, ಆದರೆ ಹಸಿವು ಅಂದ್ರೆ ಏನು ಅಂತ ಅಷ್ಟರಲ್ಲೇ ಗೊತ್ತಾಗಿಬಿಡುತ್ತೆ. ಸಿಜಿಕೆ ಅಂತಲೇ ಎಲ್ಲರಿಗೂ ಗೊತ್ತಿರುವ ಸಿ.ಜಿ. ಕೃಷ್ಣಸ್ವಾಮಿಯವರು ಇದನ್ನು ನಾಟಕವಾಗಿ ನಿರ್ದೇಶಿಸಿದರು. ರಂಗಸಂಪದ ತಂಡದ ಆ ನಾಟಕದಲ್ಲಿ ಉಮಾಶ್ರೀ ಮುಪ್ಪಿಗೆ ಎಷ್ಟೋ ವರ್ಷ ಮೊದಲೇ ಮುದುಕಿಯಾದರು. ಕನ್ನಡ ರಂಗಭೂಮಿ ಬಲ್ಲವರ ಹತ್ತಿರ ‘ಸಾಕವ್ವ’ ಅನ್ನಿ, ಅವರು ಮರುಮಾತಿಲ್ಲದೆ ‘ಉಮಾಶ್ರೀ’ ಅಂತಾರೆ.

ನನಗೆ ಕಾಡಿದ್ದು ಇದು. ಥಿಯೇಟರ್‌ನಲ್ಲಿ ಶಿಳ್ಳೆ ಹೊಡೆಸಿಕೊಳ್ಳೋ ಹೆಂಗಸು, ರಂಗದ ಮೇಲೆ ಹುಂಜ ಹುಡುಕೋ ಸಾಕವ್ವ ಇಬ್ಬರೂ ಒಬ್ಬರೇ. ಒಂದಕ್ಕಾಗಿ ಇನ್ನೊಂದನ್ನು ಅವರು ಬಿಡಲಿಲ್ಲ. ಹವ್ಯಾಸಿ ರಂಗಭೂಮಿಯಿಂದ ಮನೆ ಬಾಡಿಗೆ ಕಟ್ಟೋಕಾಗಲ್ಲ ಅನ್ನೋದು ನಾಟಕ ಮಾಡೋ ಎಲ್ಲರಿಗೂ ಗೊತ್ತು. ಸಿನಿಮಾದ ದುಡಿಮೆ ಒಂದು ಕಡೆ, ರಂಗದ ಹಸಿವು ಇನ್ನೊಂದು ಕಡೆ. ಜೊತೆಗೆ ಆ ಹಾಸ್ಯ ಪಾತ್ರಗಳೂ ಹಗುರವೇನಲ್ಲ. ಮಾತಿಗೆ ಮಾತು ಕೊಡೋ ಆ ಟೈಮಿಂಗ್ ಇದೆಯಲ್ಲ, ಅದು ಯಾರಿಗೂ ಬಿಟ್ಟಿ ಬರಲ್ಲ.

ಈಗ ನನ್ನ ವಿಷಯ. ಹೆರಿಗೆ ರಜೆ ಮುಗಿಸಿ ಆಫೀಸಿಗೆ ವಾಪಸ್ ಹೋದಾಗ ನನ್ನ ಕೆಲಸ ಬೇರೆಯವರ ಕೈಗೆ ಹೋಗಿತ್ತು. ಅದು ಸಹಜ, ಆರು ತಿಂಗಳು ಯಾರೂ ಕಾಯಲ್ಲ. ಆದರೆ ನನಗೆ ಸಿಕ್ಕಿದ್ದು ಮೀಟಿಂಗ್ ನೋಟ್ಸ್ ಬರೆಯೋದು, ವಾರದ ರಿಪೋರ್ಟ್ ಕಳಿಸೋದು, ಯಾರ ಬರ್ತ್‌ಡೇ ಯಾವಾಗ ಅಂತ ನೆನಪಿಟ್ಟು ಕೇಕ್ ತರಿಸೋದು. ‘ಮಗು ಚಿಕ್ಕದಲ್ವಾ, ಸ್ವಲ್ಪ ಲೈಟಾಗಿರಲಿ ಅಂತ’ ಅಂದ್ರು ಮ್ಯಾನೇಜರ್. ‘ನೀವಿದ್ರೆ ಟೀಂ ನಗ್ತಾ ಇರುತ್ತೆ’ ಅಂತ ಬೇರೆ ಸೇರಿಸಿದ್ರು. ಕೆಟ್ಟ ಮನುಷ್ಯ ಅಲ್ಲ ಅವರು, ನಿಜವಾಗಲೂ ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದು. ಆದರೆ ಒಂದೂವರೆ ವರ್ಷ ಕಳೆದರೂ ಆ ‘ಲೈಟು’ ಮುಗೀಲಿಲ್ಲ. ಎಂಟು ವರ್ಷ ಕೋಡ್ ಬರೆದವಳು ನಾನು. ಹೊಸದಾಗಿ ಸೇರಿದ ಹುಡುಗರಿಗೆ ಮಾತ್ರ ನಾನು ಕೇಕ್ ತರಿಸೋ ಅಕ್ಕ.

ನಾನು ‘ಗುಲಾಬಿ ಟಾಕೀಸ್’ ನೋಡಿದ್ದು ಬಾಣಂತನದಲ್ಲಿ, ಮಗು ಮಲಗಿದ್ದಾಗ ತುಂಡು ತುಂಡಾಗಿ. ವೈದೇಹಿಯವರ ಕಥೆಯಿಂದ ಹುಟ್ಟಿದ, ಗಿರೀಶ್ ಕಾಸರವಳ್ಳಿಯವರ 2008ರ ಸಿನಿಮಾ ಅದು. ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಗುಲಾಬಿ ಒಬ್ಬ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಗಂಡ ಬಿಟ್ಟುಹೋಗಿದ್ದಾನೆ. ಅವಳಿಗೆ ಸಿನಿಮಾ ಹುಚ್ಚು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಟಿವಿ, ಡಿಶ್ ಆ್ಯಂಟೆನಾ ಬರುತ್ತೆ. ಊರಿನ ಹೆಂಗಸರೆಲ್ಲ ಅವಳ ಮನೆಗೆ ಬರೋಕೆ ಶುರು ಮಾಡ್ತಾರೆ. ಕೆಲವರು ಒಳಗೆ ಬಂದು ಕೂರ್ತಾರೆ, ಕೆಲವರು ಒಳಗೆ ಕಾಲಿಡದೆ ಹೊರಗಿನಿಂದಲೇ ನೋಡ್ತಾರೆ. ಹಿನ್ನೆಲೆಯಲ್ಲಿ ಕಾರ್ಗಿಲ್ ಯುದ್ಧದ ದಿನಗಳು. ಊರಿನ ಗಾಳಿ ಬದಲಾಗುತ್ತಾ ಹೋಗುತ್ತೆ. ಟಿವಿ ನೋಡೋಕೆ ಬಂದವರ ಊರೇ ಕೊನೆಗೆ ಗುಲಾಬಿಗೆ ಇಲ್ಲವಾಗುತ್ತೆ.

ಇಡೀ ಸಿನಿಮಾದಲ್ಲಿ ಉಮಾಶ್ರೀ ಎಲ್ಲೂ ‘ನೋಡಿ, ನಾನು ನಟಿಸ್ತಿದ್ದೀನಿ’ ಅನ್ನಲ್ಲ. ತುಮಕೂರು ಸೀಮೆಯಲ್ಲಿ ಹುಟ್ಟಿದವರ ಬಾಯಲ್ಲಿ ಕರಾವಳಿಯ ಮಾತು. ಟಿವಿ ಮುಂದೆ ಕೂತಾಗ ಆ ಮುಖದಲ್ಲಿ ಬರೋ ಮಗುವಿನಂಥ ಬೆಳಕು ನೋಡಬೇಕು ನೀವು. ಆಗ ನನಗೆ ಆರು ವಾರದ ಮಗು, ಸೂಲಗಿತ್ತಿಯ ಕೈ ನೋಡಿದರೇ ಕಣ್ಣು ತುಂಬ್ತಿತ್ತು. ಈ ಪಾತ್ರಕ್ಕೆ ಉಮಾಶ್ರೀಯವರಿಗೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ‘ಅನುಭವ’ದಿಂದ ‘ಗುಲಾಬಿ’ವರೆಗೆ ಲೆಕ್ಕ ಹಾಕಿ: ಇಪ್ಪತ್ನಾಲ್ಕು ವರ್ಷ.

ಇದನ್ನು ಓದಿ ‘ತಾಳಿದವನು ಬಾಳಿಯಾನು’ ಅಂತ ಯಾರಾದರೂ ಹೇಳಬಹುದು. ನನಗೆ ಆ ಪಾಠ ಅಷ್ಟು ಇಷ್ಟವಿಲ್ಲ. ಇಪ್ಪತ್ನಾಲ್ಕು ವರ್ಷ ತಾಳ್ಕೋ ಅಂತ ಯಾವ ಹೆಣ್ಣಿಗೂ ಹೇಳಬಾರದು. ಉಮಾಶ್ರೀ ಸುಮ್ಮನೆ ಕೈಕಟ್ಟಿ ಕಾದವರೂ ಅಲ್ಲ. ಆ ವರ್ಷಗಳಲ್ಲಿ ನಾಟಕ ಇತ್ತು. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’ವಿನಂಥ ಸಿನಿಮಾ ಇತ್ತು. ಖಾನೆಯ ಹೊರಗೆ ಒಂದು ಕಾಲು ಇಟ್ಟುಕೊಂಡೇ ಇದ್ದರು. ಕಾಸರವಳ್ಳಿಯವರು ಗುಲಾಬಿಗೆ ಮುಖ ಹುಡುಕುವ ಹೊತ್ತಿಗೆ ಸಾಕವ್ವ ತುಕ್ಕು ಹಿಡಿದಿರಲಿಲ್ಲ. ನನಗೆ ಬೇಕಾಗಿದ್ದದ್ದು ಈ ಭಾಗ.

ಹಾಗಂತ ನಾನೇನೂ ದೊಡ್ಡ ಸಾಹಸ ಮಾಡಲಿಲ್ಲ. ಶನಿವಾರ ಬೆಳಗ್ಗೆ ಮೂರು ಗಂಟೆ ಮಗುವನ್ನು ಗಂಡನಿಗೆ ಒಪ್ಪಿಸಿ, ಬಿಟ್ಟುಹೋದದ್ದನ್ನು ಓದೋಕೆ ಶುರು ಮಾಡಿದೆ. ನಾಲ್ಕು ತಿಂಗಳಾದ ಮೇಲೆ ಮ್ಯಾನೇಜರ್ ಹತ್ತಿರ ಹೋಗಿ, ‘ಲೈಟ್ ಕೆಲಸ ಸಾಕು ಸರ್, ನನಗೆ ಕೋಡ್ ಕೊಡಿ’ ಅಂದೆ. ಅವರಿಗೆ ಆಶ್ಚರ್ಯ. ‘ನೀವು ಖುಷಿಯಾಗಿದ್ದೀರಿ ಅಂದ್ಕೊಂಡಿದ್ದೆ’ ಅಂದ್ರು. ಖುಷಿಯಾಗಿ ಕಾಣೋದೂ ನನ್ನ ಪಾತ್ರದಲ್ಲಿ ಸೇರಿತ್ತಲ್ಲ! ಈಗ ಒಂದು ಸಣ್ಣ ಮಾಡ್ಯೂಲ್ ಕೊಟ್ಟಿದ್ದಾರೆ, ಮೂರು ತಿಂಗಳ ಮಟ್ಟಿಗೆ. ಆಮೇಲೆ ಏನು ಅಂತ ಗೊತ್ತಿಲ್ಲ. ಕೇಕ್ ತರಿಸೋ ಕೆಲಸ ಸರದಿ ಮೇಲೆ ಎಲ್ಲರಿಗೂ ಹಂಚಿಕೆಯಾಗಿದೆ. ಮೊದಲ ತಿಂಗಳು ಒಬ್ಬರ ಬರ್ತ್‌ಡೇ ತಪ್ಪಿಹೋಯ್ತು, ಯಾರೂ ಸಾಯಲಿಲ್ಲ.

ಉಮಾಶ್ರೀಯವರ ಕಥೆ ಪ್ರಶಸ್ತಿಗೂ ನಿಲ್ಲಲ್ಲ. ರಾಜಕೀಯಕ್ಕೆ ಬಂದರು, 2013ರಲ್ಲಿ ತೇರದಾಳದಿಂದ ಗೆದ್ದರು. ರಬಕವಿ–ಬನಹಟ್ಟಿಯ ನೇಕಾರರ ಸೀಮೆ ಅದು. ಮಂತ್ರಿಯೂ ಆದರು. ಮಹಿಳೆ ಮತ್ತು ಮಕ್ಕಳ ಇಲಾಖೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಅವರ ಕೈಯಲ್ಲಿದ್ದವು. 2018ರಲ್ಲಿ ಸೋತರು. ಅವರ ರಾಜಕೀಯದ ಬಗ್ಗೆ ನಿಮಗೆ ನಿಮ್ಮ ಅಭಿಪ್ರಾಯ ಇರಬಹುದು, ಇರಲಿ. ನನಗೆ ಕುತೂಹಲ ಅನ್ನಿಸೋದು ಸೋತ ಮೇಲೆ ಅವರು ಏನು ಮಾಡಿದರು ಅನ್ನೋದು. ವಾಪಸ್ ಬಣ್ಣ ಹಚ್ಚಿದರು. 2021ರ ಡಿಸೆಂಬರ್‌ನಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಶುರುವಾಯಿತು. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟುಹೋದ, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದ ಪುಟ್ಟಕ್ಕ. ಆಗ ಅವರಿಗೆ ಅರವತ್ನಾಲ್ಕು. ಅಜ್ಜಿಯಾಗಿದ್ದವರು ಅಮ್ಮನಾಗಿ ಬಂದರು ನೋಡಿ!

ನಮ್ಮ ದೊಡ್ಡಮ್ಮನೂ ತುಮಕೂರಲ್ಲಿ ಕಾಲೇಜು ಹುಡುಗರಿಗೆ ಮೆಸ್ ನಡೆಸಿದವಳು. ದೊಡ್ಡಪ್ಪ ಬಿಟ್ಟುಹೋದ ಮೇಲೆ ಹತ್ತೊಂಬತ್ತು ವರ್ಷ, ಇಬ್ಬರು ಹೆಣ್ಣುಮಕ್ಕಳಿಗಾಗಿ. ಆ ಕಾಲದ ಬಗ್ಗೆ ಅವಳು ಯಾರ ಹತ್ತಿರವೂ ಮಾತಾಡ್ತಿರಲಿಲ್ಲ. ಧಾರಾವಾಹಿ ಟೈಮಿಗೆ ಫೋನ್ ಮಾಡಿದರೆ ‘ಪುಟ್ಟಕ್ಕ ಮುಗೀಲಿ, ಆಮೇಲೆ ಮಾಡೇ’ ಅಂತ ಕಟ್ ಮಾಡ್ತಿದ್ಲು. ಒಂದು ಸಲ ಜೊತೆಗೆ ಕೂತು ನೋಡಿದೆ. ಕಥೆಯ ತಿರುವುಗಳ ಬಗ್ಗೆ ಅವಳಿಗೆ ದೂರುಗಳಿದ್ದವು, ಎಳೀತಾರೆ ಅಂತ. ಆದರೆ ಪುಟ್ಟಕ್ಕ ಬಡಿಸೋ ದೃಶ್ಯ ಬಂದಾಗ ಮುಂದಕ್ಕೆ ಬಾಗಿ ಕೂತಳು. ‘ಆ ಸೌಟು ಹಿಡಿಯೋದು ನೋಡೇ. ಅದು ಕಲಿತು ಬಂದ ಕೈಯಲ್ಲ, ಮಾಡಿ ಮಾಡಿ ಸವೆದ ಕೈ’ ಅಂದ್ಲು. ಆಮೇಲೆ ತಾನಾಗೇ, ಅಕ್ಕಿ ಸಾಲ ಕೊಟ್ಟ ಅಂಗಡಿಯವರ ಕಥೆ, ಮಗಳ ಫೀಸ್ ಕಟ್ಟೋಕೆ ಬಳೆ ಅಡ ಇಟ್ಟ ಕಥೆ ಶುರು ಮಾಡಿದಳು. ನನಗೆ ಅವೆಲ್ಲ ಹೊಸದು. ಅವಳ ಹೆಣ್ಣುಮಕ್ಕಳಿಗೂ ಹೊಸದು.

ಒಬ್ಬ ಕಲಾವಿದೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಏನಿರುತ್ತೋ ನನಗೆ ಗೊತ್ತಿಲ್ಲ.

ಈ ನಡುವೆ ಅವರು ರಂಗವನ್ನೂ ಬಿಟ್ಟಿಲ್ಲ. ಬೇಲೂರು ರಘುನಂದನ್ ಬರೆದ ‘ಶರ್ಮಿಷ್ಠೆ’ಯನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಒಬ್ಬರೇ ನಿಂತು ಆಡಿದ್ದಾರೆ. ರಾಜಕುಮಾರಿಯಾಗಿ ಹುಟ್ಟಿ ದಾಸಿಯಾದವಳ ಕಥೆ. 2025ರ ಆರಂಭದಲ್ಲಿ ಹೊನ್ನಾವರದಲ್ಲಿ ಯಕ್ಷಗಾನಕ್ಕೂ ಇಳಿದು ಮಂಥರೆಯಾದರು. ಅರವತ್ತೇಳರ ವಯಸ್ಸಿಗೆ ಹೊಸ ಕಲೆಯ ಹೆಜ್ಜೆ ಕಲಿಯೋದು ಅಂದ್ರೆ ಸುಮ್ನೇನಾ?

ಈ ವಾರಾಂತ್ಯ ಎರಡು ಗಂಟೆ ಬಿಡುವಿದ್ದರೆ ‘ಗುಲಾಬಿ ಟಾಕೀಸ್’ ನೋಡಿ. ನೋಡೋವಾಗ ಅಮ್ಮನನ್ನೋ ಅತ್ತೆಯನ್ನೋ ದೊಡ್ಡಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಿನಿಮಾ ಮುಗಿದ ತಕ್ಷಣ ಮೊಬೈಲ್ ಕೈಗೆತ್ತಿಕೊಳ್ಳಬೇಡಿ. ಅವರಿಗೂ ಏನೋ ಹೇಳೋದಿರುತ್ತೆ.